ಮಹಾನಂದಮ್ಮನ ತುಂಬೆ ಗಿಡ

ಚಾಮರಾಜಪೇಟೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕಪಕ್ಕದ ಮನೆಯ ಹೆಂಗಸರಿಬ್ಬರು ಕೂತಿದ್ದರು.

“ಮುನಿಯಕ್ಕ, ನಾಳೆ ಶಿವರಾತ್ರಿ. ಕುಂಡದಲ್ಲಿ ಹಾಕಿದ್ದ ತುಂಬೆ ಗಿಡ ಎಲ್ಲಾ ಕೊಳೆತೋಯ್ತು. ಪೂಜೆಗೆ ಒಂದು ಹೂವೂ ಇಲ್ಲ.”

“ನೀರೆಷ್ಟು ಹಾಕ್ತಿದ್ರಿ, ಮಹಾನಂದಮ್ಮ?”

“ದಿನಾ ಎರಡು ಚೊಂಬು. ಬಿಸಿಲು ತಾಗ್ದೇ ಇರ್ಲಿ ಅಂತ ಹಳೇ ಸೀರೆನೂ ಕಟ್ಟಿದ್ದೆ.”

“ಅಯ್ಯೋ! ಬಯಲಲ್ಲಿ ಬೆಳೆಯೋ ಗಿಡಾನ ಬಾಣಂತಿ ಥರ ನೋಡ್ಕೊಂಡಿದೀರಲ್ಲ!”

“ಶಿವನಿಗೆ ಇಷ್ಟದ ಹೂವು, ಒಣಗ್ಸೋಕಾಗುತ್ತಾ?”

“ನಮ್ಮ ತಾರಸಿ ಬಿರುಕಲ್ಲಿ ತಾನಾಗೇ ಬೆಳೆದು ಬೆಳ್ಳಗೆ ಹೂ ಬಿಟ್ಟಿದೆ. ನಾನು ಒಂದಿನ ತಿರುಗೀನೂ ನೋಡಿಲ್ಲ.”

“ಬೆಳಿಗ್ಗೆ ಬಂದು ಕಿತ್ಕೊಳ್ಲಾ?”

“ಬುಟ್ಟಿ ತುಂಬಾ ಕಿತ್ಕೊಳ್ಳಿ. ಚೊಂಬು ಮಾತ್ರ ಮನೇಲೇ ಬಿಟ್ಬನ್ನಿ!”

ಮಕ್ಕಳ ಕೂಟದ ಸ್ಟಾಪ್ ಬಂತು. ಇಬ್ಬರೂ ನಗುತ್ತಾ ಎದ್ದರು. ಮೆಟ್ಟಿಲಿಳಿಯುವಾಗ ಮಹಾನಂದಮ್ಮ ಮೆಲ್ಲಗೆ ಕೇಳಿದರು:

“ಒಂದೇ ಒಂದು ಲೋಟ?”