ಮುಂದೆ ನುಗ್ಗಿದವರು

ಎಕ್ಸ್‌ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಯಾರೋ ಅಕ್ಕ ತಮ್ಮ ಕೂತಿದ್ದರು. ಅವರ ತಾಯಿ ಒಳಗಿದ್ದರು. ತಮ್ಮ ಷೇರು ದಲ್ಲಾಳಿ ಕಚೇರಿಯ ಕೆಲಸ ಬಿಟ್ಟಿದ್ದನಂತೆ.

“ಅಂಥದ್ದೇನಾಯ್ತೋ?”

“ಗಿರಾಕಿ ದೊಡ್ಡ ಆರ್ಡರ್ ಕೊಟ್ರೆ, ಸಾಹೇಬ್ರು ಅದನ್ನ ತಡೆದು, ಮೊದ್ಲು ತಾವು ಆ ಷೇರು ತಗೋತಾರೆ. ಆಮೇಲೆ ಗಿರಾಕಿ ದುಡ್ಡಿಂದ ರೇಟು ಏರುತ್ತೆ, ಇವರು ಮಾರ್ಕೋತಾರೆ. ಫ್ರಂಟ್ ರನ್ನಿಂಗ್ ಅಂತಾರೆ. ಸಾಕಾಯ್ತಕ್ಕ.”

“ಬ್ಲಾಕ್‌ಚೈನ್‌ನಲ್ಲೂ ಕ್ರಿಪ್ಟೋ ವ್ಯಾಪಾರ ಮಾಡ್ತಿದ್ಯಲ್ಲ, ಅಲ್ಲಿ ಸಾಹೇಬ್ರೇ ಇಲ್ವಂತೆ?”

“ಇಲ್ಲ. ಆದ್ರೆ ಹಾಕಿದ ಆರ್ಡರ್ ನಡೆಯೋವರೆಗೂ ಎಲ್ರಿಗೂ ಕಾಣ್ತಾ ಬಿದ್ದಿರುತ್ತೆ. ಯಾರದೋ ಕಂಪ್ಯೂಟರ್ ಅದನ್ನ ನೋಡಿ, ಜಾಸ್ತಿ ಫೀಸ್ ಕಟ್ಟಿ ಮುಂದೆ ನುಗ್ಗುತ್ತೆ. ಸಾಹೇಬ್ರು ಬಾಗಿಲು ಹಾಕ್ಕೊಂಡಾದ್ರೂ ಮಾಡ್ತಿದ್ರು.”

“ಇನ್ನೇನು ಮಾಡ್ತೀಯ?”

“ಮನೇಲೇ ಟ್ಯೂಷನ್. ಮೊನ್ನೆ ಫೋನಲ್ಲಿ ಹೇಳಿದ್ನಲ್ಲ, ಮಹಡಿ ರೂಮು ಕೊಡು ಅಂತ ಅಮ್ಮನ್ನ ಇವತ್ತು ಕೇಳ್ತೀನಿ.”

ಅಕ್ಕ ಕೈಚೀಲದ ಜಿಪ್ ತೆಗೆದಳು, ಮತ್ತೆ ಹಾಕಿದಳು.

“ಅದನ್ನ ನಾನು ಕೇಳ್ಕೊಂಡ್ಬಿಟ್ಟೆ ಕಣೋ. ಹೊಲಿಗೆ ಮಷೀನ್ ಇಡೋಕೆ.”

“ಯಾವಾಗ?”

“ನೀನು ಫೋನ್ ಇಟ್ಟ ಮೇಲೆ.”

ಬಾಗಿಲು ತೆರೆಯಿತು. ತಾಯಿಯ ಕೈ ಹಿಡಿಯಲು ಇಬ್ಬರೂ ಎದ್ದರು. ತಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

“ಹೋಗಕ್ಕ, ನೀನೇ ಮುಂದೆ ಹೋಗು.”