ಮುಖ ನೋಡದೆ ಎಳೆದ ಹಗ್ಗ

ಒಂದೂರಲ್ಲಿ ಒಬ್ಬ ಸಭಾಪಾಲಕರಿದ್ದರು. ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ಹೇಳಿದರೆ ನೀವು ಮನೆಗೆ ಹೋಗಿ ಅವರು ಯಾರೆಂದು ಹುಡುಕುತ್ತೀರಿ; ನಿಮ್ಮನ್ನು ನೀವು ಹುಡುಕಿಕೊಳ್ಳುವುದಿಲ್ಲ. ಗದಗಿನ ಕಡೆಯ ಊರು ಎಂದಿಟ್ಟುಕೊಳ್ಳಿ. ಎಂಬತ್ತು ಕ್ರೈಸ್ತ ಮನೆಗಳ ಸಭೆ, ಕಲ್ಲಿನ ಹಳೆಯ ದೇವಾಲಯ, ಗೋಪುರದಲ್ಲಿ ಒಂದು ಗಂಟೆ.

ಆ ಸಭೆಯಲ್ಲಿ ಒಂದು ರೂಢಿ ಇತ್ತು. ಯಾರಾದರೂ ತೀರಿಕೊಂಡರೆ ಅವರಿಗೆ ಎಷ್ಟು ವರ್ಷವೋ ಅಷ್ಟು ಪೆಟ್ಟು ಗಂಟೆ ಹೊಡೆಯುತ್ತಿದ್ದರು. ಒಂದು ಪೆಟ್ಟು. ಅದರ ನಾದ ಪೂರ್ತಿ ಆರುವವರೆಗೆ ಬಿಡುವು. ಮತ್ತೊಂದು ಪೆಟ್ಟು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಎಣಿಸುತ್ತಿದ್ದರು. ಸಣ್ಣ ಸಭೆ, ಯಾರಿಗೆ ಎಷ್ಟು ವಯಸ್ಸು ಎಂದು ಎಲ್ಲರಿಗೂ ಗೊತ್ತು. ಗಂಟೆ ನಿಂತ ಮೇಲೆ ಯಾರೂ ಹೆಸರು ಹೇಳಬೇಕಾಗಿರಲಿಲ್ಲ.

ಆ ಗಂಟೆ ಹೊಡೆಯುವ ಕೆಲಸ ಮಾರ್ತವ್ವ ಎಂಬ ಮುದುಕಿಯದು, ಅತ್ತೆಯಿಂದ ಅವಳ ಕೈಗೆ ಬಂದದ್ದು. ಸುದ್ದಿ ಯಾರೇ ತರಲಿ, ಮಾರ್ತವ್ವ ಚಪ್ಪಲಿ ಮೆಟ್ಟಿಕೊಂಡು ತಾನೇ ಹೋಗಿ, ತೀರಿಕೊಂಡವರ ಮುಖ ನೋಡಿ, ಬಂದು ಹಗ್ಗ ಹಿಡಿಯುತ್ತಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸತ್ತರೆ ಶವ ಊರಿಗೆ ಬರುವವರೆಗೆ ಕಾಯುತ್ತಿದ್ದಳು. ಮುಖ ನೋಡದೆ ಹಗ್ಗ ಮುಟ್ಟುತ್ತಿರಲಿಲ್ಲ.

ಇನ್ನು ನಮ್ಮ ಸಭಾಪಾಲಕರು. ಕೆಟ್ಟವರೇ? ಅಲ್ಲ. ಸೋಮಾರಿಯೇ? ಅಲ್ಲವೇ ಅಲ್ಲ. ಮೂವತ್ತೈದರ ಪ್ರಾಯ, ಬೆಳಗಿನಿಂದ ಸಂಜೆಯವರೆಗೆ ಓಡಾಟ. ಅವರ ರೋಗ ಬೇರೆ. ಭಯ. ಅವರು ಬಂದ ಹೊಸದರಲ್ಲಿ ಒಬ್ಬ ಅಜ್ಜ ತೀರಿಕೊಂಡಿದ್ದ. ಸುದ್ದಿ ಇವರಿಗೆ ತಲುಪಿದ್ದು ಮಧ್ಯಾಹ್ನಕ್ಕೆ. ಮುಂದಿನ ಸಮಿತಿ ಸಭೆಯಲ್ಲಿ ಒಬ್ಬ ಹಿರಿಯರು ಚಹಾ ಹೀರುತ್ತ ಅಂದರು: "ಓಣಿಯ ನಾಯಿಗೂ ಗೊತ್ತಾಗಿತ್ತು, ನಮ್ಮ ಅಯ್ನೋರಿಗೆ ಗೊತ್ತಾಗಿರಲಿಲ್ಲ ನೋಡ್ರಿ." ಎಲ್ಲರೂ ನಕ್ಕರು. ಸಭಾಪಾಲಕರೂ ನಕ್ಕರು. ಆದರೆ ಅಂದಿನಿಂದ ಫೋನು ಅವರ ಕೈಬಿಟ್ಟು ಇಳಿಯಲಿಲ್ಲ. ಪ್ರಾರ್ಥನೆಯ ನಡುವೆ ಫೋನು ಗುಂಯ್ ಎಂದರೆ ಒಂದು ಕಣ್ಣು ತೆರೆಯುತ್ತಿದ್ದರು. ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಈಗ, ಇಲ್ಲಿ ಕೂತೇ, ಜೇಬು ಮುಟ್ಟಿ ನೋಡಿಕೊಂಡಿರಿ?

ಒಂದು ಶನಿವಾರ. ಮರುದಿನ ಸುಗ್ಗಿ ಹಬ್ಬದ ಆರಾಧನೆ. ದೇವಾಲಯದ ಮೆಟ್ಟಿಲಿಗೆ ಕೆಂಪು ಬಣ್ಣ ಬಳಿಯಬೇಕಿತ್ತು. ಬಣ್ಣ ತರಲು ಯಾಕೋಬಪ್ಪ ಎಂಬ ಹಿರಿಯರನ್ನು ಸಭಾಪಾಲಕರೇ ಪೇಟೆಗೆ ಕಳಿಸಿದ್ದರು. ಕಳಿಸಿದ ಮೇಲೆ ಒಂದು ಗಂಟೆಯಲ್ಲಿ ಮೂರು ಸಲ ಫೋನು ಮಾಡಿ "ಇನ್ನೂ ಬರಲಿಲ್ಲಲ್ಲ" ಎಂದಿದ್ದರು. ಆಮೇಲೆ ಮೇಜಿಗೆ ಕೂತು ಮರುದಿನ ಸಭೆಗೆ ಹೇಳಬೇಕಾದ ಪ್ರಸಂಗ ಬರೆಯತೊಡಗಿದರು. ವಿಷಯ ಏನು ಗೊತ್ತೇ? ಚಿಂತೆ ಮಾಡಬೇಡಿರಿ.

ಹನ್ನೊಂದರ ಸುಮಾರಿಗೆ ಫೋನು ಬಂತು. ಸಭೆಯ ತಿಮೊಥಿ, ಬಸ್ಸಿನಿಂದ.

"ಅಯ್ನೋರ, ರೈಲ್ವೆ ಗೇಟಿನ ಹತ್ರ ಯಾಕೋಬಪ್ಪನ ಗಾಡಿ ಲಾರಿ ಬುಡಕ ಸಿಕ್ಕು ಅಪ್ಪಚ್ಚಿ ಆಗೇತ್ರಿ. ರಸ್ತಾ ತುಂಬ ಕೆಂಪಗ ಹರದೇತಿ. ನನ್ನ ಕೈಲೆ ನೋಡ್ಲಿಕ್ಕೇ ಆಗಲಿಲ್ಲ."

"ಯಾಕೋಬಪ್ಪ?"

"ಮಂದಿ ಮುಕುರಿತ್ರಿ, ಕಾಣಲಿಲ್ಲ. ಉಳಿದಿರಂಗಿಲ್ಲ ಬಿಡ್ರಿ."

ಕಳಿಸಿದವನು ನಾನು, ಅವಸರ ಮಾಡಿದವನು ನಾನು. ಇದು ಸಭಾಪಾಲಕರಿಗೆ ಹೊಳೆದ ಮೊದಲ ಮಾತು. ಎರಡನೆಯ ಮಾತು: ಈ ಸಲವೂ ನಾನೇ ಕೊನೆಯವನಾದರೆ? ಯಾಕೋಬಪ್ಪನಿಗೆ ಫೋನು ಮಾಡುವುದು ಹೊಳೆಯಲೇ ಇಲ್ಲ. ಬರಿಗಾಲಲ್ಲಿ ಗೋಪುರಕ್ಕೆ ಓಡಿದರು. ಮಾರ್ತವ್ವ ಅಂಗಳ ಗುಡಿಸುತ್ತಿದ್ದಳು.

"ಮಾರ್ತವ್ವ, ಗಂಟಿ ಹೊಡೀರಿ. ಅರವತ್ತೊಂದು."

ಅರವತ್ತೊಂದು ಎಂದರೆ ಯಾರೆಂದು ಅವಳಿಗೆ ಹೇಳಬೇಕೇ? ಪೊರಕೆ ಗೋಡೆಗೆ ಒರಗಿಸಿದಳು. "ಮುಖ ನೋಡೀರೇನ್ರಿ?"

"ರೈಲ್ವೆ ಗೇಟಿನ ಹತ್ರ ಆಗೇತಂತ ಫೋನ್ ಬಂದೇತಿ."

"ಫೋನಿಗೆ ಮುಖ ಐತೇನ್ರಿ? ರೈಲ್ವೆ ಗೇಟು ಹತ್ತು ಮಿನಿಟಿನ ಹಾದಿ. ಹೋಗಿ ಬರ್ತೀನಿ. ನೀವೂ ಬರ್ರಿ."

"ಅಲ್ಲೀತನಕ ಊರಿಗೆಲ್ಲ ಗೊತ್ತಾಗಿರ್ತೇತಿ! ಮತ್ತ ನಾನೇ ಕಡೀಕ ಆಗ್ಬೇಕೇನು?"

"ಕಡೀಕ ಆದ್ರ ಏನಾತ್ರಿ? ಸತ್ತಾವ್ರು ಬ್ಯಾಸರಾಗಿ ಎದ್ದು ಹೋಗ್ತಾರೇನು?"

ಸಭಾಪಾಲಕರು ಗೂಟದಿಂದ ಹಗ್ಗ ಬಿಚ್ಚಿ ತಾವೇ ಎಳೆದರು. ಮಾರ್ತವ್ವ ಒಂದು ಕ್ಷಣ ಅವರನ್ನು ನೋಡಿ, ಚಪ್ಪಲಿ ಮೆಟ್ಟಿ, ಗೇಟಿನ ದಾರಿ ಹಿಡಿದಳು.

ಒಂದು. ಎರಡು. ಮೂರು.

ಹತ್ತರ ಹೊತ್ತಿಗೆ ಅಂಗಡಿ ಬೀದಿ ಸುಮ್ಮನಾಯಿತು. ಮೂವತ್ತರ ಹೊತ್ತಿಗೆ ಅವರ ತಲೆಯಲ್ಲಿ ಶವಸಂಸ್ಕಾರದ ಪ್ರಸಂಗ ಶುರುವಾಗಿತ್ತು. ನಲವತ್ತರ ಹೊತ್ತಿಗೆ ಏನಾಯಿತು ಗೊತ್ತೇ? ಕೇಳಿ, ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದು. ನಲವತ್ತರ ಹೊತ್ತಿಗೆ ಅವರ ಎದೆ ಹಗುರವಾಯಿತು. ಈ ಸಲ ನಾನೇ ಮೊದಲು. ಒಬ್ಬ ಮನುಷ್ಯ ಸತ್ತಿದ್ದಾನೆ ಎಂದು ನಂಬಿದ್ದಾರೆ, ಆದರೂ ಎದೆ ಹಗುರ! ಭಯ ನಮ್ಮನ್ನು ಇಷ್ಟು ಕೀಳಾಗಿಸುತ್ತದೆ. ಸೇವೆಯ ಹೆಸರಿನಲ್ಲೇ ಕೀಳಾಗಿಸುತ್ತದೆ.

ಐವತ್ತಾರನೆಯ ಪೆಟ್ಟಿಗೆ ಅಂಗಳದ ಬಾಗಿಲು ಕಿರುಗುಟ್ಟಿತು. ಮುಂದೆ ಮಾರ್ತವ್ವ. ಅವಳ ಹಿಂದೆ ಯಾಕೋಬಪ್ಪ. ಸೊಂಟದಿಂದ ಪಾದದವರೆಗೆ ಕೆಂಪು. ಕೈಯಲ್ಲಿ ನುಗ್ಗಾದ ಒಂದು ಡಬ್ಬಿ.

ನಡೆದದ್ದು ಇಷ್ಟೇ. ಯಾಕೋಬಪ್ಪ ಗಾಡಿ ನಿಲ್ಲಿಸಿ ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದರು. ಲಾರಿ ಹಿಂದಕ್ಕೆ ಬಂದು ಗಾಡಿಯ ಮೇಲೆ ಹತ್ತಿತು, ಬಣ್ಣದ ಡಬ್ಬಿಗಳು ಒಡೆದವು. ಉಳಿದ ಒಂದನ್ನು ಎತ್ತಿಕೊಳ್ಳುವಾಗ ಧೋತರವೆಲ್ಲ ಬಣ್ಣವಾಯಿತು. ಲಾರಿಯವನ ಜೊತೆ ಜಗಳಾಡುತ್ತಿದ್ದಾಗ ಗಂಟೆ ಕೇಳಿತು. ಅವರೂ ಎಣಿಸುತ್ತಿದ್ದರು. ಯಾರು ಹೋದರಪ್ಪ ಎಂದು ಯೋಚಿಸುತ್ತಿದ್ದರು. ಮಾರ್ತವ್ವ ಹೋಗಿ ಮುಂದೆ ನಿಂತಾಗಲೇ ಅದು ತಮ್ಮ ಗಂಟೆ ಎಂದು ಗೊತ್ತಾದದ್ದು.

ಈಗ ನೋಡಿ. ಸಭಾಪಾಲಕರು ಅವರನ್ನು ನೋಡಿದರು. ಕಣ್ಣಾರೆ ನೋಡಿದರು. ಕೈ ನಿಂತಿತೇ? ನಿಲ್ಲಲಿಲ್ಲ. ಐವತ್ತೇಳು.

"ಅಯ್ನೋರ, ಸಾಕ್ರಿ. ನಾ ಬಂದೀನಿ."

ಐವತ್ತೆಂಟು. ಬಾಯಿ ತೆರೆದಿತ್ತು, ಕಣ್ಣು ಯಾಕೋಬಪ್ಪನ ಮೇಲೇ ಇತ್ತು, ಕೈ ಮಾತ್ರ ಎಳೆಯುತ್ತಿತ್ತು. ಐವತ್ತೊಂಬತ್ತು. ಅರವತ್ತು. ಜೀವಂತ ಮನುಷ್ಯನ ಮುಂದೆ ಅವನ ಸಾವಿನ ಲೆಕ್ಕ ಪೂರ್ತಿಯಾಯಿತು. ಅರವತ್ತೊಂದು. ಆಮೇಲೆ ಹಗ್ಗ ಕೈಯಿಂದ ಜಾರಿತು.

ಅಷ್ಟರಲ್ಲಿ ಯಾಕೋಬಪ್ಪನ ಹೆಂಡತಿ ಹನ್ನವ್ವ ಬಂದಳು. ಅವರ ಮನೆ ದೇವಾಲಯದ ಬೆನ್ನಿಗೇ. ತಲೆಗೆ ಸೆರಗು ಹೊದ್ದ ಏಳೆಂಟು ಹೆಂಗಸರು ಅವಳನ್ನು ರಟ್ಟೆ ಹಿಡಿದು ನಡೆಸಿಕೊಂಡು ಬಂದಿದ್ದರು. ಗಂಡನನ್ನು ಕಂಡಳು. ಹತ್ತಿರ ಬಂದು, ಬಾಗಿ, ಅವರ ಮೊಣಕಾಲಿನ ಕೆಂಪನ್ನು ಬೆರಳಿನಿಂದ ಮುಟ್ಟಿ ಮೂಸಿದಳು. ಬಣ್ಣ. ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತಳು.

"ತಪ್ಪಾಯ್ತು ಹನ್ನವ್ವ, ತಿಮೊಥಿ ಫೋನ್ ಮಾಡಿದ್ದ..." ಎಂದು ಸಭಾಪಾಲಕರು ತೊದಲಿದರು.

ಹನ್ನವ್ವ ತಲೆ ಎತ್ತಿದಳು. "ನಾ ಪೂರಾ ಅರವತ್ತೊಂದೂ ಎಣಿಸೀನ್ರಿ ಅಯ್ನೋರ. ಮೂವತ್ತೆಂಟು ಬಂದಾಗ, ಇಲ್ಲೇ ನಿಲ್ಲಲಿ ಕರ್ತನೇ ಅಂತ ಪ್ರಾರ್ಥನಾ ಮಾಡಿದೆ. ಮೂವತ್ತೆಂಟು ನನ್ನ ತಮ್ಮನ ವಯಸ್ಸು. ಗಂಡ ಉಳೀಲಿ ಅಂತ ತಮ್ಮನ್ನ ಸಾಯಾಕ ಕೊಟ್ಟೆ. ಗಂಡ ಬಂದ್ರು. ಈಗ ನನ್ನ ತಮ್ಮನ ಮುಖಾ ಹ್ಯಾಂಗ ನೋಡ್ಲಿ, ಹೇಳ್ರಿ?"

ಏನು ಹೇಳುತ್ತೀರಿ ಇದಕ್ಕೆ?

ಮರುದಿನ ಮೆಟ್ಟಿಲಿಗೆ ಬಣ್ಣ ಬಿದ್ದಿರಲಿಲ್ಲ. ಸಭಾಪಾಲಕರು ಬರೆದ ಪ್ರಸಂಗ ಓದಲಿಲ್ಲ. ಸಭೆಯ ಮುಂದೆ ನಿಂತು, "ನಿನ್ನೆ ನಾನು ಹೊಡೆದದ್ದು ನನ್ನ ಭಯದ ಗಂಟೆ. ಅದರ ಪೆಟ್ಟು ಬಿದ್ದದ್ದು ಹನ್ನವ್ವನ ಮೇಲೆ" ಎಂದರು. ತಿಮೊಥಿಯ ಹೆಸರು ಎತ್ತಲಿಲ್ಲ. ಇನ್ನು ಮುಂದೆ ಆ ಹಗ್ಗ ಮಾರ್ತವ್ವನದು, ಅವಳಿಲ್ಲದೆ ನಾನು ಮುಟ್ಟುವುದಿಲ್ಲ ಎಂದರು. ಹಿಂದಿನ ಸಾಲಿನಿಂದ ಮುದುಕಿ ಕೂತಲ್ಲೇ ಅಂದಳು: "ಮುಖ ನೋಡಾಕ ಇಬ್ರೂ ಕೂಡೇ ಹೋಗೂಣ್ರಿ. ಮೆಲ್ಲಕ ನಡೀರಿ ಮತ್ತ, ನನಗ ಮೊಣಕಾಲು ನೋವು."

ಅಲ್ಲಿಂದ ಅವರು ಮೆಲ್ಲಗೆ ನಡೆಯುವುದನ್ನು ಕಲಿತರು. ಎಲ್ಲ ಸರಿಹೋಯಿತು ಎನ್ನುತ್ತೀರಾ? ಇಲ್ಲ. ಭಾನುವಾರದ ಆರಾಧನೆಯ ಗಂಟೆ ಕೇಳಿದರೂ ಹನ್ನವ್ವ ಇವತ್ತಿಗೂ ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಕ್ಷಮೆ ಸಿಕ್ಕಿತು, ಹೊಡೆದ ಗಂಟೆ ವಾಪಸು ಬರಲಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ಹಿರಿಯರೇ, ಸ್ತ್ರೀ ಸಂಘದವರೇ, ಭಾನುವಾರದ ಶಾಲೆಯ ಶಿಕ್ಷಕರೇ, ನಾನೂ ಸೇರಿದಂತೆ ಸಭಾಪಾಲಕರೇ. ನಮ್ಮ ಸಭೆಗಳಲ್ಲಿ ಗಂಟೆ ಹೊಡೆಯುವವರಿಗೆ ಬರವಿಲ್ಲ. ಒಬ್ಬರು ಎರಡು ವಾರ ಬರಲಿಲ್ಲ ಎಂದರೆ "ಅವರು ಸಭೆ ಬಿಟ್ಟರು" ಎಂದು ನೀವೇ ಘೋಷಿಸುತ್ತೀರಿ. ಒಂದು ಸಂದೇಶ ಬಂದರೆ ಓದಿ ಮುಗಿಸುವ ಮೊದಲೇ ಹತ್ತು ಗುಂಪಿಗೆ ಕಳಿಸುತ್ತೀರಿ. ಕೇಳಿದರೆ, ಸಭೆಯ ಮೇಲಿನ ಕಾಳಜಿ ಅನ್ನುತ್ತೀರಿ. ಕಾಳಜಿಯೋ, ಕೊನೆಯವರಾಗುವ ಭಯವೋ? ಎದೆ ಮುಟ್ಟಿ ಹೇಳಿ.

ಸಮಾಧಾನ ಎಂದರೆ ಕೈಕಟ್ಟಿ ಕೂರುವುದಲ್ಲ. ಮಾರ್ತವ್ವ ಕೂತಳೇ? ಎಲ್ಲರಿಗಿಂತ ಮೊದಲು ಹೊರಟವಳು ಅವಳೇ. ಆದರೆ ಹಗ್ಗದ ಕಡೆಗಲ್ಲ, ಮನುಷ್ಯನ ಕಡೆಗೆ. ನೀವೂ ಇದನ್ನೇ ಮಾಡಿ. ಸುದ್ದಿ ಬಂತೇ? ಫೋನನ್ನು ಮೇಜಿನ ಮೇಲಿಡಿ. ಕರ್ತನೇ, ನನ್ನ ಕೈ ಹಿಡಿ ಎಂದು ಒಂದೇ ಮಾತಿನಲ್ಲಿ ಪ್ರಾರ್ಥಿಸಿ. ಚಪ್ಪಲಿ ಮೆಟ್ಟಿ. ಆ ಮನೆಗೆ ಹೋಗಿ, ಮುಖ ನೋಡಿ, ಆಮೇಲೆ ಬಾಯಿ ತೆರೆಯಿರಿ. ತಡವಾಗಿ ಬಂದಿರಿ ಎಂದು ಯಾರಾದರೂ ನಗುತ್ತಾರೆ. ನಗಲಿ ಬಿಡಿ.

ನಾಳೆ ಬೆಳಿಗ್ಗೆ ನಿಮ್ಮ ಕೈಗೂ ಒಂದು ಹಗ್ಗ ಬರುತ್ತದೆ. ಎಳೆಯುವ ಮೊದಲು ನೆನಪಿಡಿ: ಗೋಡೆಯ ಆಚೆ ಯಾರೋ ಒಬ್ಬಳು ಕೆಲಸ ಬಿಟ್ಟು, ಉಸಿರು ಬಿಗಿಹಿಡಿದು, ಎಣಿಸುತ್ತಿದ್ದಾಳೆ.