ಬೋರಲು ಹಾಕಿದ ತಟ್ಟೆಗಳು

ಸತ್ತಿದೆ ಅಂದೆನಲ್ಲಮ್ಮಾ! ಇನ್ನೆಷ್ಟು ಸಲ ಹೇಳಲಿ? ಫ್ರೀಜರ್ ಕೈಕೊಟ್ಟಿತು, ಕೊಳವೆಗಳಲ್ಲಿನ ಮಂಜೆಲ್ಲ ಕರಗಿತು, ಒಳಗಿದ್ದ ಬ್ಯಾಕ್ಟೀರಿಯಾ ಸತ್ತಿತು. ನಮ್ಮ ಹೊಸ ಜಾತಿಯ ಕಥೆ ಅಲ್ಲಿಗೆ ಮುಗಿಯಿತು. ಬಾ, ಕೂತ್ಕೋ. ಬಾಗಿಲಲ್ಲಿ ನಿಂತು ಪೊಲೀಸಿನವಳ ಹಾಗೆ ನೋಡಬೇಡ. ಅಲ್ಲಲ್ಲ, ಆ ಬೀರುವಿನ ಹತ್ತಿರ ಬೇಡ... ಈ ಕುರ್ಚಿಗೆ ಬಾ.

ಲ್ಯಾಬಿನ ದೊಡ್ಡವರು ಕಳಿಸಿದರಾ? ಕಳಿಸಿರ್ತಾರೆ. ಎರಡು ದೇಶಗಳ ಸೂಕ್ಷ್ಮಜೀವಿ ಭಂಡಾರಗಳಿಗೆ ಜೀವಂತ ಹುಳ ಕೊಡದೆ ಹೊಸ ಹೆಸರನ್ನ ಯಾರೂ ಒಪ್ಪೋದಿಲ್ಲ. ಪಾಪ! ಅದಕ್ಕೆ ತಮಗೆ ಹೆಣ್ಣು ಕೊಟ್ಟ ಮಾವನ ಹೆಸರು ಇಟ್ಟಾಗಿತ್ತಲ್ಲ. ಆ ಮಾವ ಜನ್ಮದಲ್ಲಿ ಬೆರಳಿಗೆ ಮಣ್ಣು ಅಂಟಿಸಿಕೊಂಡವನಲ್ಲ! ಮಣ್ಣು ಕೆದಕಿ ಕೊಟ್ಟವಳು ಯಾರು? ನಮ್ಮಕ್ಕ. ಬಟ್ಟೆ ಒಗೆಯೋ ಕಲ್ಲಿನ ಬುಡದಿಂದ, ಚಮಚದಲ್ಲಿ. "ಓದಿ ಓದಿ ಕೊನೆಗೆ ನನ್ನ ಕೊಚ್ಚೆಗೇ ಬಂದೆಯಲ್ಲೋ" ಅಂತ ನಕ್ಕಿದ್ದಳು. ಹೊಸದು ಸಿಕ್ಕರೆ ನಿನ್ನ ಹೆಸರೇ ಇಡ್ತೀನಿ ಕಣೇ ಅಂದಿದ್ದೆ. ಆಸ್ಪತ್ರೆಯಲ್ಲಿ ಮಲಗಿದಾಗಲೂ ದಾದಿಯರಿಗೆಲ್ಲ ಹೇಳಿಕೊಂಡಿದ್ದಳು, ನನ್ನ ಹೆಸರಿನ ಹುಳ ಬರುತ್ತೆ ಅಂತ... ನಗು, ನಗು. ನಗೋ ಮಾತೇ.

ದೊಡ್ಡವರು ಏನಂದರು, ನೆನಪಿದೆಯಾ? "ಬಟ್ಟೆ ಒಗೆಯೋಳ ಹೆಸರು ವಿಜ್ಞಾನಕ್ಕೆ ಯಾಕಯ್ಯಾ?" ಎಲ್ಲರೆದುರಿಗೆ! ನೀನೂ ಇದ್ದೆ. ನನ್ನನ್ನ ಬಾಯ್ತುಂಬ ಅಣ್ಣಾ ಅಂತ ಕರೆಯೋಳು, ತಲೆ ತಗ್ಗಿಸಿ ಕಾಫಿ ಕುಡಿದೆ.

ಮತ್ತೆ ಮಣ್ಣು ತರೋಣವಾ? ಎಲ್ಲಿಂದ? ಅಕ್ಕ ಹೋದ ಮೇಲೆ ಬಾವ ಆ ಕಲ್ಲು ಕಿತ್ತು ಸಿಮೆಂಟ್ ಹಾಕಿಸಿದ.

ಯಾಕೆ ತಲೆ ಆಡಿಸ್ತೀಯಾ? ಓಹೋ... ಫ್ರೀಜರ್ ಕೆಟ್ಟ ಮಾತ್ರಕ್ಕೆ ಸಾಯೋ ಜಾತಿ ಅಲ್ಲ ಅಂತಲಾ? ಹೌದು, ಅದನ್ನ ಬಿಸಿನೀರಿಗೆ ಹಾಕಿ, ಒಣಗಿಸಿ, ಉಪವಾಸ ಕೆಡವಿ ನೋಡಿದವಳು ನೀನೇ. ಬದುಕಿತ್ತು, ಒಪ್ಪಿದೆ. ಆದರೂ... ಸತ್ತಿತು. ಬೇಜಾರಾಗಿರಬೇಕು, ಸತ್ತಿತು!

ಏನು? ಫ್ರೀಜರಿನ ಬೀಗದ ಕೈ ನಿನ್ನ ಹತ್ತಿರ ಇತ್ತು ಅಂತ... ನಿನ್ನ ತಲೆಗೆ ಕಟ್ಟಿದರಾ? ನಾಳೆಯಿಂದ ಬರಬೇಡ ಅಂದರಾ? ಛೆ... ಅದು ನಾನು... ಅಲ್ಲ, ಅವರಿಗೆ ಬೈಯೋಕೆ ಯಾರಾದರೂ ಬೇಕಲ್ಲ. ನಾನು ಹೇಳ್ತೀನಿ ಬಿಡು. ಏನಂತಲಾ? ಏನೋ ಒಂದು. ಅಳಬೇಡ. ಅಳ್ತಾ ಇಲ್ಲವಾ? ಮತ್ತೆ ಮೂಗು ಯಾಕೆ ಅರಳಿಸ್ತೀಯಾ?

ಮಣ್ಣಿನ ವಾಸನೆಯಾ? ನಮ್ಮ ಹುಳ ಬೆಳೆದಾಗ ಬರೋ ವಾಸನೆಯೇ ಅಂತಲಾ? ಅದು... ಈಗ ತಾನೇ ಹೂಕುಂಡಕ್ಕೆ ನೀರು ಹಾಕಿದೆ. ಹೂಂ, ಪ್ಲಾಸ್ಟಿಕ್ ಹೂವೇ. ಧೂಳು ಕೂತಿತ್ತು, ತೊಳೆದೆ! ಏನೀಗ? ಗೋಡೆ ಬೇರೆ ಒದ್ದೆ... ಬೈಯಿ, ಬೈದುಬಿಡು! ಆ ಬೀರುವನ್ನೇ ನೋಡ್ತಾ ಕೂತರೆ ನಾನು ಏನಂದ್ಕೊಳ್ಳಲಿ?

...ಎದ್ದೆಯಾ. ಬೇಡ.

ಬೇಡ ಅಂದೆ.

ಮೆಲ್ಲಗೆ! ಬಾಗಿಲು ಜಗ್ಗಬೇಡ... ಅಕ್ಕನ ಹುಳ ಬೆಳೀತಿರೋ ತಟ್ಟೆಗಳನ್ನ ಬೋರಲು ಹಾಕಿದ್ದೀನಿ. ಮಗುಚಿದರೆ ಮುಚ್ಚಳದ ಹನಿ ಅವುಗಳ ಮೇಲೆ ಬೀಳುತ್ತೆ. ಇನ್ನೂ ಎಳೆಯವು.